ಕರಡಿಯ ಕ್ಷೌರಕ್ಕೆ ಗಾಜು ಹಾಕಿಸಿದ್ದು: ಬಳ್ಳಾರಿಯ ಒಂದು ಫ್ರೇಮ್ ಅಂಗಡಿಯ ಕೆಲಸ

ಮೊದಲು ಚಿತ್ರದ ಮಾತು. ಎ3 ಅಳತೆ, ಅಂದರೆ 297×420 ಮಿ.ಮೀ., ದಪ್ಪನೆಯ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ, ಕಪ್ಪು ಇಂಡಿಯನ್ ಇಂಕ್. ಕ್ಷೌರದ ಕುರ್ಚಿಯಲ್ಲಿ ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತ ಕರಡಿ. ಸ್ಟೂಲ್ ಹತ್ತಿ ಕತ್ತರಿ ಆಡಿಸುತ್ತಿರುವ ಎರಡು ಜಡೆಯ ಹುಡುಗಿ. ಕನ್ನಡಿಯಲ್ಲಿ ಮಾತ್ರ ಕರಡಿ ಇಲ್ಲ, ಕಣ್ಣು ಮುಚ್ಚಿದ ಗಂಡಸಿನ ಮುಖ. ಉದುರಿದ ಕೂದಲಿಗೆಲ್ಲ ಇರುವೆಯ ಕಾಲು ಮೂಡಿ, ಸಾಲುಗಟ್ಟಿ ಬಲಕ್ಕೆ ಹೊರಟಿವೆ. ಕೊನೆಯ ಕೂದಲು ಕಾಗದದ ಅಂಚಿಗೆ 3 ಮಿ.ಮೀ. ಇರುವಾಗ ನಿಂತು, ತಿರುಗಿ ನೋಡುತ್ತದೆ. ನಗು ಬರುವುದೂ ಅಲ್ಲೇ, ಮೈ ಜುಂ ಅನ್ನುವುದೂ ಅಲ್ಲೇ.

ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನನ್ನು ನೋಡಿದ ಸೀಮೆಯವರಿಗೆ ಈ ಜಾತಿಯ ನಗು ಹೊಸದೇನಲ್ಲ. ಹೊಸದು ಸುತ್ತಲಿನ ಖಾಲಿ. ಕೆನಡಾದ ಕಲಾವಿದ ಮಾರ್ಸೆಲ್ ಜಾಮಾ ಅವರ ಮೊದಮೊದಲ ಚಿತ್ರಗಳಲ್ಲಿ ಇರುವಂತೆ ಇಲ್ಲೂ ಹಿನ್ನೆಲೆ ಅನ್ನುವುದಿಲ್ಲ, ಬರಿ ಕಾಗದ. ಅವರಾದರೂ ಕಂದು ಬಣ್ಣಕ್ಕೆ ರೂಟ್ ಬಿಯರ್ ಎಂಬ ತಂಪು ಪಾನೀಯದ ಸಿರಪ್ ಬಳಸಿದ್ದುಂಟು. ಈ ಚಿತ್ರಕ್ಕೆ ಕಪ್ಪು ಬಿಟ್ಟರೆ ಕಾಗದದ ಬಿಳುಪೇ ಬಂಡವಾಳ.

ಬೆಂಗಳೂರು ರಸ್ತೆ ಕಡೆಯ ಈ ಅಂಗಡಿಯ ದಿನದ ಕೆಲಸ ದೇವರ ಫೋಟೊ, ಮದುವೆ ಫೋಟೊ, ಸರ್ಟಿಫಿಕೇಟು. ಚೌಕಟ್ಟಿನ ಪಟ್ಟಿ ಕೊಯ್ಯುವ ಕೈ ಚೆನ್ನಾಗಿದೆ: ನಾಲ್ಕೂ ಮೂಲೆಯ 45 ಡಿಗ್ರಿ ಜೋಡಣೆಯಲ್ಲಿ ಉಗುರು ತೂರದು. ಎಡವಿದ್ದು ಮೌಂಟಿನಲ್ಲಿ, ಅಂದರೆ ಚಿತ್ರ ಕಾಣಲು ಕಿಟಕಿ ಕೊಯ್ದು ಅದರ ಮೇಲೆ ಇಡುವ ಬೋರ್ಡಿನಲ್ಲಿ. ರೂಢಿಯಂತೆ ಪ್ರತಿ ಬದಿಗೆ 5 ಮಿ.ಮೀ. ಒಳಗೆ ಬಿಟ್ಟು ಕಿಟಕಿಯನ್ನು 287×410ಕ್ಕೆ ಕೊಯ್ದರು. ಕೊನೆಯ ಕೂದಲು ಬೋರ್ಡಿನಡಿ ಹೋಯಿತು. ಉಳಿದದ್ದು ಸುಮ್ಮನೆ ಕಸ ಬಿದ್ದ ಕ್ಷೌರದಂಗಡಿ. "ಅಂಚು ಕಂಡ್ರೆ ನೀಟಾಗಿ ಕಾಣಂಗಿಲ್ರೀ ಸಾರ್" ಅನ್ನುವುದು ಅಂಗಡಿಯವರ ಉತ್ತರ. ಫೋಟೊಗೆ ಅದು ಸರಿಯೇ, ಈ ಚಿತ್ರಕ್ಕೆ ಮಾತ್ರ ಮತ್ತೆ ಮಾಡಿಸಬೇಕಾಯಿತು.

ಇಂಥ ಚಿತ್ರಕ್ಕೆ ಹೇಳಬೇಕಾದ್ದು ಕಿಟಕಿ ಬೇಡ, ಕಾಗದ ತೇಲಿದಂತೆ ಕೂರಿಸಿ ಅಂತ. ಹಿಂದಿನ ಬೋರ್ಡು 377×500, ಅಂದರೆ ಸುತ್ತ 40 ಮಿ.ಮೀ. ಜಾಗ. ಅದರ ಮೇಲೆ 277×400ರ ಎರಡು ಪದರ ಮೌಂಟ್‌ಬೋರ್ಡು, ಒಟ್ಟು 3 ಮಿ.ಮೀ. ದಪ್ಪ, ಚಿತ್ರ ಅದರ ಮೇಲೆ. ಗಾಜು ಇಂಕನ್ನು ಮುಟ್ಟಲೇಬಾರದು. ಕರಡಿಯ ಮೈಯಂಥ ದಟ್ಟ ಕಪ್ಪು ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿದರೆ, ಬಿಡಿಸುವಾಗ ಪದರವೇ ಎದ್ದು ಬರುತ್ತದೆ. ಅದಕ್ಕೆ ಗಾಜಿಗೂ ಹಿಂದಿನ ಬೋರ್ಡಿಗೂ ನಡುವೆ ಒಳಸುತ್ತ 8 ಮಿ.ಮೀ. ಪಟ್ಟಿ; ಚಿತ್ರದಡಿಯ 3 ಮಿ.ಮೀ. ಈ ಎಂಟರೊಳಗೇ ಅಡಗುತ್ತದೆ. ಈಗ ಆಳದ ಲೆಕ್ಕ: ಗಾಜು 2, ಪಟ್ಟಿ 8, ಹಿಂದಿನ ಬೋರ್ಡು 1.5, ಹಾರ್ಡ್‌ಬೋರ್ಡು 3, ಒಟ್ಟು 14.5. ಚೌಕಟ್ಟಿನ ಒಳತೋಡು, ಅಂದರೆ ಇವೆಲ್ಲ ಕೂರುವ ತೋಡಿನ ಆಳ, 16 ಮಿ.ಮೀ. ಆದರೂ ಇರಲಿ. ಫೋಟೊ ಚೌಕಟ್ಟಿನ ಪಟ್ಟಿಗಳಲ್ಲಿ ಅಷ್ಟು ಆಳ ಸಿಗುವುದು ಕಡಿಮೆ. ಪಟ್ಟಿ ಆರಿಸುವ ಮೊದಲೇ ಸ್ಕೇಲ್ ಇಟ್ಟು ನೋಡಿ.

ಅಂಟಿನ ವಿಷಯದಲ್ಲಿ ಬಿಗಿಯಾಗಿರಬೇಕು. ಫೆವಿಕಾಲ್ ಬಳಿದು ಪೂರ್ತಿ ಅಂಟಿಸಿದರೆ ಕಾಗದ ಸುಕ್ಕಾಗುತ್ತದೆ, ಮತ್ತೆ ಬಿಡಿಸಲಾಗದು. ಡಬಲ್ ಟೇಪಿನ ಗೋಂದು 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಮೆತ್ತಗಾಗಿ ಚಿತ್ರ ಜಾರುತ್ತದೆ. ಸರಿಯಾದ ದಾರಿ: ತೆಳು ಜಪಾನಿ ಕಾಗದದ 20×30 ಮಿ.ಮೀ.ನ ಎರಡು ತುಂಡು, ಗೋಧಿ ಗಂಜಿಯ ಅಂಟು, ಮೇಲಂಚಿನ ಹಿಂಬದಿಗೆ ಮಾತ್ರ. ಬ್ಲಾಟಿಂಗ್ ಪೇಪರ್ ಇಟ್ಟು ಪೂರ್ತಿ ಒಣಗುವವರೆಗೆ ಮೇಲೆ ಭಾರ ಹೇರಿ. ಮೂರು ಬದಿ ಬಿಟ್ಟೇ ಇರಲಿ. ತೇವಕ್ಕೆ ಹಿಗ್ಗುವ ಕಾಗದಕ್ಕೆ ಜಾಗ ಬೇಡವೇ? ಗಂಜಿ ಹೆಚ್ಚಾದರೆ ಬೆಳ್ಳಿಹುಳಕ್ಕೆ ಊಟ, ಅದೂ ನೆನಪಿರಲಿ.

ಅಂಗಡಿಯ ಬಿಳಿ ಬೋರ್ಡನ್ನು ಮೇಲ್ಮೈ ನೋಡಿ ನಂಬಬೇಡಿ. ಓರೆಯಾಗಿ ಕೊಯ್ದ ಅಂಚು ಕಂದಾಗಿದ್ದರೆ ಅದು ಅಗ್ಗದ ತಿರುಳಿನದು. ಕೆಲ ವರ್ಷಕ್ಕೆ ಅದರ ಆಮ್ಲ ಕಾಗದಕ್ಕೆ ಹತ್ತಿ ಹಳದಿ ಕಲೆ ಬಿಡುತ್ತದೆ. ಆಮ್ಲರಹಿತ ಬೋರ್ಡು ಇಲ್ಲಿ ಇರಲಿಲ್ಲ. ನಾವೇ ತಂದುಕೊಟ್ಟರೆ ಕೊಯ್ದು ಕೊಡಲು ತಕರಾರಿಲ್ಲ, ಕೂಲಿಯೂ ಮೊದಲಿನಷ್ಟೇ.

ಇನ್ನು ಹಿಂಬದಿ. ನಾಲ್ಕು ಮೂಲೆಗೆ ಟೇಪ್ ತುಂಡು ಅಂಟಿಸಿ ಕೈತೊಳೆದುಕೊಂಡಿದ್ದರು. ಅದಿರು ಲಾರಿ ಓಡಾಡುವ ಊರಲ್ಲಿ ಇಷ್ಟು ಸಾಲದು. ಕೆಂಧೂಳು ಸಂದಿಯಲ್ಲಿ ನುಗ್ಗಿ, ಗಾಜಿನ ಒಳಗೆ ಕೆಳಂಚಿಗೆ ಗೆರೆಯಾಗಿ ಕೂರುತ್ತದೆ. ಬಿಳಿ ಕಾಗದದ ಪಕ್ಕ ಅದು ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಮೊಳೆಯ ಮೇಲೆ ಪೂರ್ತಿ ಕಂದು ಕಾಗದ ಎಳೆದು ಸುತ್ತ ಅಂಟಿಸಲು ಹೇಳಿ. ಹೇಳಿದ ಮೇಲೆ ಮಾಡಿದರು, ಅಚ್ಚುಕಟ್ಟಾಗಿಯೇ.

ದೇವರ ಫೋಟೊಗೆ ಈ ಅಂಗಡಿ ಕಣ್ಣು ಮುಚ್ಚಿ ಹೋಗಬಹುದಾದದ್ದು. ಕಾಗದದ ಚಿತ್ರಕ್ಕಾದರೆ ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಗಾಜು ಮುಚ್ಚುವ ಮೊದಲು ಒಮ್ಮೆ ಹೋಗಿ ನೋಡಿ. ಎರಡನೇ ಸಲದ ಕೆಲಸದಲ್ಲಿ ಕೊನೆಯ ಕೂದಲು ಪೂರ್ತಿ ಕಾಣುತ್ತದೆ, ಅದರ ಆಚೆಗೆ ಕಾಗದದ ಅಂಚಿನ ಸಣ್ಣ ನೆರಳೂ ಬಿದ್ದಿದೆ. ಗಾಜು ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿಕೊಳ್ಳಿ. ಗಾಜಿಗೇ ಸಿಂಪಡಿಸಿದರೆ ಇಳಿದು ಕೆಳಗಿನ ಸಂದಿಯಿಂದ ಒಳಗೆ ಹೋಗುತ್ತದೆ.