ಪ್ರೆಸ್ಸಿನ ನೆಟ್‌ವರ್ಕ್‌ಗೆ ಪೈ-ಹೋಲ್ ಹಾಕಿ ನಾಲ್ಕು ವರ್ಷವಾಯಿತು

ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಆರು ಕಂಪ್ಯೂಟರ್, ಎರಡು ಪ್ರಿಂಟರ್, ಹಳೆಯ ಕೆಲಸವನ್ನೆಲ್ಲ ಇಟ್ಟಿರುವ ಒಂದು ನ್ಯಾಸ್, ಅಂದರೆ ಎಲ್ಲ ಕಂಪ್ಯೂಟರಿನಿಂದಲೂ ತೆರೆಯಬಹುದಾದ ಡಿಸ್ಕ್ ಪೆಟ್ಟಿಗೆ. ಮೊದಲು ಯಾವುದರ ಐಪಿ (ನೆಟ್‌ವರ್ಕಿನಲ್ಲಿ ಅದರ ನಂಬರ್) ಎಷ್ಟು ಅಂತ ಬರೆದ ಚೀಟಿಯೊಂದನ್ನು ಗೋಡೆಗೆ ಅಂಟಿಸಿದ್ದೆವು. ಕರೆಂಟ್ ಹೋಗಿ ಬಂದಾಗ ರೂಟರ್ ಬೇರೆ ನಂಬರ್ ಕೊಟ್ಟುಬಿಡುತ್ತಿತ್ತು, ಚೀಟಿ ಕೆಲಸಕ್ಕೆ ಬರುತ್ತಿರಲಿಲ್ಲ. ಮದುವೆ ಸೀಸನ್ನಿನಲ್ಲಿ ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು, ಲಗ್ನಪತ್ರಿಕೆಯ ಫೈಲ್ ತೆರೆಯೋಕೆ ನ್ಯಾಸ್‌ನ ನಂಬರ್ ಹುಡುಕಿದ ದಿನವೇ ತೀರ್ಮಾನ ಮಾಡಿದೆ. 2021ರಲ್ಲಿ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ತಂದು ಅದರಲ್ಲಿ ಪೈ-ಹೋಲ್ ಹಾಕಿದೆ. ಇದು ಡಿಎನ್ಎಸ್ ಸರ್ವರ್, ಅಂದರೆ ಹೆಸರು ಕೇಳಿದರೆ ಅದರ ಐಪಿ ಹೇಳುವ ಸಾಫ್ಟ್‌ವೇರ್; ಜಾಹೀರಾತು ಸೈಟುಗಳ ಹೆಸರು ಕೇಳಿದರೆ ಮಾತ್ರ ಹೇಳುವುದಿಲ್ಲ.

ಜಾಸ್ತಿ ಜನ ಇದನ್ನು ಹಾಕೋದು ಜಾಹೀರಾತು ತಡೆಯೋಕೆ. ನನಗೆ ಬೇಕಿದ್ದದ್ದು ನಂಬರಿನ ಬದಲು ನೆನಪಿಡಬಹುದಾದ ಹೆಸರುಗಳು. ಇದರ ಒಳಗಿರುವುದು ಡಿಎನ್ಎಸ್‌ಮಾಸ್ಕ್ ಎಂಬ ಡಿಎನ್ಎಸ್ ಸಾಫ್ಟ್‌ವೇರಿನ ಇನ್ನೊಂದು ರೂಪ, ಹಾಗಾಗಿ ಲೋಕಲ್ ಡಿಎನ್ಎಸ್ ಪುಟದಲ್ಲಿ ಹೆಸರು, ಐಪಿ ಸೇರಿಸಿದರೆ ಸಾಕು. ರೂಟರಿನ ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ಹಂಚುವುದು) ಆಫ್ ಮಾಡಿ ಆ ಕೆಲಸವನ್ನೂ ಇದಕ್ಕೇ ಕೊಟ್ಟೆ. ಈಗ ಪ್ರತಿ ಪ್ರಿಂಟರಿಗೂ ತನ್ನದೇ ಖಾಯಂ ನಂಬರ್.

ಹೆಸರಿನ ಕೊನೆಗೆ ಡಾಟ್ ಲೋಕಲ್ ಮಾತ್ರ ಹಾಕಬೇಡಿ. ನಾನು ಹಾಕಿದ್ದೆ. ವಿಂಡೋಸ್‌ನಲ್ಲಿ ನ್ಯಾಸ್ ತೆರೆಯುತ್ತಿತ್ತು, ಮ್ಯಾಕ್‌ನಲ್ಲಿ ಇಲ್ಲ. ಡಾಟ್ ಲೋಕಲ್ ಎಂಬುದು ಎಂಡಿಎನ್ಎಸ್ ಎಂಬ ಬೇರೆ ವಿಧಾನಕ್ಕೆ ಮೀಸಲು, ಮ್ಯಾಕ್ ಅಂಥ ಹೆಸರನ್ನು ಡಿಎನ್ಎಸ್ ಸರ್ವರ್ ಬಿಟ್ಟು ನೆಟ್‌ವರ್ಕಿನಲ್ಲಿರುವ ಯಂತ್ರಗಳನ್ನೇ ಕೇಳುತ್ತದೆ. ಹೋಮ್ ಡಾಟ್ ಆರ್ಪಾ ಅಂತ ಒಂದಿದೆ, 2018ರಲ್ಲಿ ಮನೆಯೊಳಗಿನ ನೆಟ್‌ವರ್ಕುಗಳಿಗೆಂದೇ ಮೀಸಲಿಟ್ಟದ್ದು. ಅದಕ್ಕೆ ಬದಲಾಯಿಸಿದ ಮೇಲೆ ತಕರಾರಿಲ್ಲ.

ಇನ್ನು ನನ್ನ ಎರಡು ವಾರ ತಿಂದ ವಿಷಯ. ಪೈ ಕೆಟ್ಟರೆ ಇರಲಿ ಅಂತ ಎರಡನೇ ಡಿಎನ್ಎಸ್ ಆಗಿ ಗೂಗಲ್‌ನ 8.8.8.8 ಕೊಟ್ಟಿದ್ದೆ. ಮೊದಲನೆಯದು ಸತ್ತರೆ ಮಾತ್ರ ಎರಡನೆಯದನ್ನು ಕೇಳುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೇನಿಲ್ಲ, ಕಂಪ್ಯೂಟರ್ ಯಾವಾಗ ಬೇಕಾದರೂ ಎರಡರಲ್ಲಿ ಯಾವುದನ್ನಾದರೂ ಕೇಳಬಹುದು. ಹೊರಗಿನ ಸರ್ವರಿಗೆ ನಮ್ಮ ನ್ಯಾಸ್ ಹೇಗೆ ಗೊತ್ತಿರುತ್ತದೆ? ಅಂಥ ಹೆಸರೇ ಇಲ್ಲ ಅನ್ನುತ್ತದೆ, ಕಂಪ್ಯೂಟರ್ ನಂಬಿಬಿಡುತ್ತದೆ. ಬೆಳಿಗ್ಗೆ ಸಿಕ್ಕಿದ ಪ್ರಿಂಟರ್ ಮಧ್ಯಾಹ್ನ ಇಲ್ಲ, ಸಂಜೆ ಮತ್ತೆ ಇದೆ. ಕೇಬಲ್ ಬದಲಾಯಿಸಿದೆ, ಸ್ವಿಚ್ ಬದಲಾಯಿಸಿದೆ. ಎರಡನೆಯದು ಬೇಕೇ ಬೇಕು ಅಂದರೆ ಇನ್ನೊಂದು ಪೈ-ಹೋಲ್ ಇಡಿ. ನಾನು ಝೀರೋ 2 ಡಬ್ಲ್ಯೂ ಎಂಬ ಇನ್ನೂ ಚಿಕ್ಕ ಪೈ ಇಟ್ಟಿದ್ದೇನೆ, ಈ ಕೆಲಸಕ್ಕೆ ಅದರ ಶಕ್ತಿ ಸಾಕು.

ಕರೆಂಟಿನ ಕಾಟವೂ ಇದೆ. ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಶನಿವಾರ ಆಫ್ ಆಗಿ ಸೋಮವಾರ ಎದ್ದರೆ ಅದರ ಲೆಕ್ಕದಲ್ಲಿ ಇನ್ನೂ ಶನಿವಾರ. ಡಿಎನ್ಎಸ್‌ಸೆಕ್ (ಡಿಎನ್ಎಸ್ ಉತ್ತರ ಅಸಲಿಯೇ ಅಂತ ಅದರ ಡಿಜಿಟಲ್ ಸಹಿ ನೋಡುವುದು) ಆನ್ ಇದ್ದರೆ ಸಹಿಗಳ ದಿನಾಂಕ ತಾಳೆಯಾಗದೆ ಹೆಸರು ಸಿಗುವುದಿಲ್ಲ, ಸಮಯ ಸರಿ ಮಾಡಿಕೊಳ್ಳೋಣ ಅಂದರೆ ಸಮಯದ ಸರ್ವರಿನ ಹೆಸರೇ ಸಿಗಬೇಕು. ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಡಿಎಸ್3231 ಗಡಿಯಾರದ ಚಿಕ್ಕ ಮಾಡ್ಯೂಲ್ ಹಾಕಿದೆ, ಪೈಯನ್ನು ಯುಪಿಎಸ್‌ಗೆ ಸೇರಿಸಿದೆ. ಆಮೇಲೆ ಆ ತೊಂದರೆ ಬಂದಿಲ್ಲ.

ಜಾಹೀರಾತಿನ ಬಗ್ಗೆ ಹೇಳುವುದಾದರೆ, ಸುದ್ದಿ ಸೈಟುಗಳು ಹಗುರಾಗಿವೆ. ಯೂಟ್ಯೂಬ್ ಜಾಹೀರಾತು ಇದರಿಂದ ನಿಲ್ಲಲ್ಲ, ಅದು ವಿಡಿಯೊ ಬರುವ ಜಾಗದಿಂದಲೇ ಬರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಪ್ರೈವೇಟ್ ಡಿಎನ್ಎಸ್‌ಗೆ ಬೇರೆ ಸರ್ವರ್ ಕೊಟ್ಟಿದ್ದರೆ ಆ ಫೋನ್ ಪೈ-ಹೋಲ್ ಅನ್ನು ಕೇಳುವುದೇ ಇಲ್ಲ.

2025ರಲ್ಲಿ ಪೈ-ಹೋಲ್‌ನ ಆರನೇ ಆವೃತ್ತಿಗೆ ಬಂದೆ. ಅದರ ಪುಟಗಳನ್ನು ತೋರಿಸುವ ವೆಬ್ ಸರ್ವರ್ ಈಗ ಒಳಗೇ ಇದೆ, ಲೈಟಿಪಿಡಿ ಎಂಬ ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ಆದರೆ ಡಿಎನ್ಎಸ್‌ಮಾಸ್ಕ್ ಡಾಟ್ ಡಿ ಫೋಲ್ಡರಿನಲ್ಲಿ ನೀವೇ ಬರೆದಿಟ್ಟ ಫೈಲುಗಳಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡುವ ತನಕ ಅದು ಅವನ್ನು ಓದುವುದಿಲ್ಲ. ಅಪ್‌ಡೇಟ್ ಮಾಡುವ ಮೊದಲು ಪೈ-ಹೋಲ್‌ನಲ್ಲೇ ಇರುವ ಟೆಲಿಪೋರ್ಟರ್‌ನಿಂದ ಬ್ಯಾಕಪ್ ತೆಗೆಯಿರಿ, ತೆಗೆದದ್ದನ್ನು ಬೇರೆ ಕಂಪ್ಯೂಟರಿನಲ್ಲಿ ಇಡಿ. ನನ್ನ ಎಸ್‌ಡಿ ಕಾರ್ಡ್ ಒಮ್ಮೆ ಸತ್ತಾಗ ಆ ಒಂದು ಫೈಲ್ ಇದ್ದದ್ದಕ್ಕೆ ಮಧ್ಯಾಹ್ನದ ಊಟದೊಳಗೆ ಎಲ್ಲ ಹೆಸರುಗಳೂ ವಾಪಸ್ ಬಂದವು.