ಟೆಸ್ಟೋಸ್ಟೆರಾನ್ ಜೆಲ್: ಗುಣ ಕಂಡಿದೆ, ಆದರೆ ರಕ್ತಪರೀಕ್ಷೆ ತಪ್ಪಿಸಬೇಡಿ

ನನಗೀಗ ಅರವತ್ತೇಳು. ಪಿಟ್ಯುಟರಿ ಗ್ರಂಥಿಯ ಗೆಡ್ಡೆಗೆ ಆಪರೇಷನ್ ಆದಮೇಲೆ ದೇಹದಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ತಯಾರಾಗುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಬೆಳಗಿನ ಹೊತ್ತು ರಕ್ತ ಕೊಟ್ಟು, ಮತ್ತೊಮ್ಮೆ ಕೊಟ್ಟು ಖಾತ್ರಿಯಾದ ಮೇಲೆ ಡಾಕ್ಟರು ಈ ಜೆಲ್ ಬರೆದರು. ಶೇ. 1ರ ಜೆಲ್, 5 ಗ್ರಾಂ ಸ್ಯಾಶೆ, ಒಂದರಲ್ಲಿ 50 ಮಿಲಿಗ್ರಾಂ ಔಷಧಿ.

ಸ್ನಾನವಾಗಿ ಮೈ ಒರೆಸಿಕೊಂಡ ಮೇಲೆ ಸ್ಯಾಶೆ ಹರಿದು ಅಂಗೈಗೆ ಹಿಂಡಿಕೊಳ್ಳುತ್ತೇನೆ. ಇಂಜೆಕ್ಷನ್ನಿಗೆ ಮುಂಚೆ ಹಚ್ಚುವ ಸ್ಪಿರಿಟ್ಟಿನ ವಾಸನೆ. ಭುಜಕ್ಕೆ ಸವರಿದ ಕೂಡಲೇ ತಣ್ಣಗೆ ಹತ್ತಿಕೊಂಡು, ಆರಿದಾಗ ಸ್ವಲ್ಪ ಅಂಟು ಉಳಿಯುತ್ತದೆ. ಆರುವ ತನಕ ದೇವರ ದೀಪದ ಹತ್ತಿರವೂ ಹೋಗುವುದಿಲ್ಲ, ಅದರಲ್ಲಿ ಆಲ್ಕೋಹಾಲ್ ಇದೆ. ಆಮೇಲೆ ಕೈಗೆ ಸೋಪು, ಮೈಗೆ ತೋಳಿನ ಅಂಗಿ. ದಾವಣಗೆರೆಯ ಏಪ್ರಿಲ್ ಸೆಕೆಯಲ್ಲೂ ಅಂಗಿ ತೆಗೆಯುವ ಹಾಗಿಲ್ಲ. ಯಾಕೆಂದರೆ ಚರ್ಮದೊಳಗೆ ಇಳಿಯುವುದು ಸುಮಾರು ಹತ್ತರಲ್ಲೊಂದು ಪಾಲು, ಮಿಕ್ಕಿದ್ದರಲ್ಲಿ ಬಹುಪಾಲು ಮೈಮೇಲೇ ಇರುತ್ತದೆ. ಅದು ತಗುಲಿದ ಪುಟ್ಟ ಮಕ್ಕಳಲ್ಲಿ ಗುಪ್ತಾಂಗದ ಕೂದಲು ಬಂದದ್ದು, ಮೂಳೆ ವಯಸ್ಸಿಗೆ ಮೀರಿ ಬಲಿತದ್ದು ವರದಿಯಾಗಿ, 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಿಸಿತು. ಮೊಮ್ಮಗಳು ಸಂಜೆ ಸ್ಕೂಲಿಂದ ಬಂದವಳೇ ನನ್ನ ಭುಜಕ್ಕೆ ಒರಗುತ್ತಾಳೆ. ಅವಳು ಬರುವಷ್ಟರಲ್ಲಿ ಭುಜ ಸೋಪು ಹಾಕಿ ತೊಳೆದಿರಲೇಬೇಕು.

ಗುಣ ಖಂಡಿತ ಇದೆ. ಮಧ್ಯಾಹ್ನದ ಜೊಂಪು ಹೋಯಿತು, ಮನಸ್ಸು ಹಗುರಾಯಿತು. ಬೆನ್ನ ಮೇಲೆ ಮೊಡವೆ ಎದ್ದವು, ಅದನ್ನು ತಡೆದುಕೊಳ್ಳಬಹುದು. ನಿಜವಾದ ಚಿಂತೆ ರಕ್ತದ್ದು. ನನ್ನ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಶೇ. 44 ಇದ್ದದ್ದು 53ಕ್ಕೆ ಏರಿತು, ಮೈಯಲ್ಲಿ ಒಂದು ಸೂಚನೆಯೂ ಇರಲಿಲ್ಲ. 54 ದಾಟಿದರೆ ಔಷಧಿ ನಿಲ್ಲಿಸುತ್ತಾರೆ, ರಕ್ತ ಮಂದವಾಗಿ ಹೆಪ್ಪುಗಟ್ಟುವ ಭಯ. ಡಾಕ್ಟರು ಡೋಸ್ ಇಳಿಸಿದರು, ಈಗ 48ರಲ್ಲಿದೆ. ಜೊತೆಗೆ ಪ್ರೊಸ್ಟೇಟ್ ಗ್ರಂಥಿಗಾಗಿ ಪಿಎಸ್‌ಎ ಎಂಬ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಗೊರಕೆ ಹೊಡೆದು ಉಸಿರು ಕಟ್ಟುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಹೃದಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಡೆಯಲು ಕಷ್ಟಪಡುತ್ತಿದ್ದ ಹಿರಿಯರಿಗೆ ಜೆಲ್ ಕೊಟ್ಟ ಒಂದು ಅಧ್ಯಯನವನ್ನು ಹೃದಯದ ತೊಂದರೆ ಹೆಚ್ಚಿದ್ದರಿಂದ ಅರ್ಧಕ್ಕೇ ನಿಲ್ಲಿಸಿದ್ದರು, ಅದು ಪ್ರಕಟವಾದದ್ದು 2010ರಲ್ಲಿ. 2023ರಲ್ಲಿ ಬಂದ ಟ್ರಾವರ್ಸ್ ಅಧ್ಯಯನದಲ್ಲಿ 5,000ಕ್ಕೂ ಹೆಚ್ಚು ಗಂಡಸರಿದ್ದರು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ ಎಂದು ತಿಳಿದಾಗ ನನಗೆ ನೆಮ್ಮದಿಯಾಯಿತು. ಆದರೆ ಎದೆಬಡಿತದ ಏರುಪೇರು, ಶ್ವಾಸಕೋಶದಲ್ಲಿ ಹೆಪ್ಪು, ಕಿಡ್ನಿಗೆ ಪೆಟ್ಟು, ಇವು ಜೆಲ್ ಹಚ್ಚಿದವರಲ್ಲೇ ಜಾಸ್ತಿ. ಮೂಳೆ ಗಟ್ಟಿಯಾಗುತ್ತದೆ ಅಂದುಕೊಂಡಿದ್ದೆ, ಮೂಳೆ ಮುರಿತವೂ ಅವರಲ್ಲೇ ಹೆಚ್ಚು ಕಂಡಿತು.

ನನ್ನ ಸಿಟ್ಟು ಇರುವುದು ಮಾರಾಟದ ರೀತಿಯ ಮೇಲೆ. ಒಂದು ಮೆಡಿಕಲ್ ಶಾಪಿನಲ್ಲಿ ನನ್ನ ಕಣ್ಣೆದುರೇ, ಸುಸ್ತು ಅಂದ ಹಿರಿಯರೊಬ್ಬರಿಗೆ ಚೀಟಿ ಕೇಳದೆ "ಶಕ್ತಿ ಬರುತ್ತೆ, ಹಚ್ಕೊಳ್ಳಿ" ಎಂದು ಇದನ್ನೇ ಕೊಟ್ಟರು. ಒಳಗಿನ ಕಾಗದ ಸಾಸಿವೆ ಕಾಳಿನಂಥ ಅಕ್ಷರದ ಇಂಗ್ಲಿಷಿನಲ್ಲಿದೆ. ಮಕ್ಕಳಿಗೆ ತಗುಲಬಾರದು ಎಂಬ ಒಂದು ಸಾಲನ್ನಾದರೂ ಕನ್ನಡದಲ್ಲಿ ದಪ್ಪಗೆ ಅಚ್ಚು ಹಾಕಲೇಬೇಕು.

ಔಷಧಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಪರೀಕ್ಷೆಯಲ್ಲಿ ಕೊರತೆ ಸಾಬೀತಾದವರಿಗೆ ಮಾತ್ರ. ಪ್ರೊಸ್ಟೇಟ್ ಕ್ಯಾನ್ಸರ್ ಇರುವವರು ಮುಟ್ಟಬೇಡಿ.