ಮೊದಲ ಸಿಸೇರಿಯನ್ ನಂತರ: ಸಹಜ ಹೆರಿಗೆಯೋ, ಮತ್ತೆ ಶಸ್ತ್ರಚಿಕಿತ್ಸೆಯೋ?

ಮೊದಲ ಮಗು ಸಿಸೇರಿಯನ್‌ನಿಂದ ಹುಟ್ಟಿದ್ದರೆ ಎರಡನೆಯದೂ ಹಾಗೆಯೇ ಹುಟ್ಟಬೇಕೆಂಬ ನಿಯಮವಿಲ್ಲ. ಆದರೆ ಆಯ್ಕೆಗೆ ಮುನ್ನ ಹಳೆಯ ಡಿಸ್ಚಾರ್ಜ್ ಸಮರಿಯನ್ನು ಹುಡುಕಿ ತೆಗೆಯಬೇಕು. ಹೊಟ್ಟೆಯ ಮೇಲಿನ ಕಲೆ ಅಡ್ಡವಾಗಿದ್ದ ಮಾತ್ರಕ್ಕೆ ಗರ್ಭಕೋಶದ ಗಾಯವೂ ಅಡ್ಡವಾಗಿಯೇ ಇದೆಯೆಂದು ಹೇಳಲಾಗದು, ಮತ್ತು ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ದಿದ್ದರೆ ಸಹಜ ಹೆರಿಗೆಯ ಪ್ರಯತ್ನಕ್ಕೆ ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಗರ್ಭಕೋಶದ ಕೆಳಭಾಗದಲ್ಲಿ ಒಂದೇ ಅಡ್ಡಗಾಯವಿದ್ದು ಪ್ರಯತ್ನಿಸಿದ 100 ಮಂದಿಯಲ್ಲಿ 60ರಿಂದ 80 ಮಂದಿಗೆ ಸಹಜ ಹೆರಿಗೆಯಾಗುತ್ತದೆ. ಹಿಂದೊಮ್ಮೆ ಸಹಜವಾಗಿ ಹೆತ್ತವರಿಗೆ ಈ ಸಾಧ್ಯತೆ ಇನ್ನೂ ಹೆಚ್ಚು. ಹೆರಿಗೆ ಮುಂದುವರಿಯದ ಕಾರಣಕ್ಕೆ ಮೊದಲ ಸಿಸೇರಿಯನ್ ಆದವರಿಗೆ ಕಡಿಮೆ.

ಭಯವಿರುವುದು ಹಳೆಯ ಗಾಯ ಬಿರಿಯುವುದರ ಬಗ್ಗೆ. ತಾನಾಗಿ ನೋವು ಬಂದಾಗ ಇದು ಸುಮಾರು 200ರಲ್ಲಿ ಒಬ್ಬರಿಗೆ ಆಗಬಹುದು. ಔಷಧ ಕೊಟ್ಟು ನೋವು ಬರಿಸಿದರೆ ಅಪಾಯ ಹೆಚ್ಚುತ್ತದೆ. ವಿರಳವಾದರೂ ತಾಯಿ, ಮಗು ಇಬ್ಬರಿಗೂ ಗಂಡಾಂತರವಾದ್ದರಿಂದ, ರಾತ್ರಿ 2 ಗಂಟೆಗೂ ಅರಿವಳಿಕೆ ತಜ್ಞರು ಮತ್ತು ರಕ್ತ ಸಿಗದ ನರ್ಸಿಂಗ್ ಹೋಮ್‌ನಲ್ಲಿ, ಅದು ಮನೆಗೆ ಎಷ್ಟೇ ಹತ್ತಿರವಿರಲಿ, ಈ ಪ್ರಯತ್ನ ಬೇಡವೆಂದೇ ನನ್ನ ಅಭಿಪ್ರಾಯ. ಅಂಥ ಊರಿನಲ್ಲಿರುವವರಿಗೆ, ದೊಡ್ಡ ಆಸ್ಪತ್ರೆಗೆ ಹೋಗಲಾಗದಿದ್ದರೆ, ಸಾಮಾನ್ಯವಾಗಿ 39 ವಾರ ತುಂಬಿದ ಮೇಲೆ ನಿಗದಿಪಡಿಸುವ ಸಿಸೇರಿಯನ್ ಹೆಚ್ಚು ಸೂಕ್ತ.

ಚೇತರಿಕೆಯಲ್ಲಿ ಸಹಜ ಹೆರಿಗೆಯೇ ಮೇಲು. ಆದರೆ ಪ್ರಯತ್ನ ವಿಫಲವಾಗಿ ತುರ್ತು ಸಿಸೇರಿಯನ್ ಆದರೆ ಸೋಂಕು, ರಕ್ತಸ್ರಾವ, ಖರ್ಚು ಎಲ್ಲವೂ ಯೋಜಿತ ಶಸ್ತ್ರಚಿಕಿತ್ಸೆಗಿಂತ ಹೆಚ್ಚಾಗಬಹುದು. ಇನ್ನೂ ಮಕ್ಕಳು ಬೇಕೆನ್ನುವವರು ಮತ್ತೊಂದನ್ನು ಗಮನಿಸಬೇಕು: ಸಿಸೇರಿಯನ್ ಸಂಖ್ಯೆ ಏರಿದಷ್ಟೂ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಆಳವಾಗಿ ಅಂಟಿಕೊಳ್ಳುವ ಅಪಾಯವೂ ಏರುತ್ತದೆ.